ಒರಿಜಿನ್ ಅಂದ್ರೆ ಯಾರ ಒರಿಜಿನ್? ಟೀಮಿನಲ್ಲಿ ರಿಮೋಟ್‌ಗಳಿಗೆ ನೀವು ಎಂತ ಹೆಸರಿಡುತ್ತೀರಿ?

ಬಿಜೈ_ಬ್ಯಾಕೆಂಡ್

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸಣ್ಣದು, ಗಿಟ್ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಟೂಲ್) ಬಗ್ಗೆ: ಬೇರೆ ಕಡೆ ಇರುವ ಕೋಡಿನ ಪ್ರತಿಗೆ, ಅಂದರೆ ರಿಮೋಟಿಗೆ, ಎಂತ ಹೆಸರಿಡುವುದು? ಆದರೆ ಇದರ ಮೇಲೆ ನಮ್ಮಲ್ಲಿ ಚಹಾದ ಹೊತ್ತಿಗೆಲ್ಲ ಜಗಳ ನಡೆಯುತ್ತಿದೆ, ಹಾಗಾಗಿ ಹೊರಗಿನವರನ್ನೇ ಕೇಳುವ ಅಂತ ಹಾಕುತ್ತಿದ್ದೇನೆ.

ನಮ್ಮದು ಮಂಗಳೂರಿನ ಒಂದು ಸಣ್ಣ ಕಂಪನಿ. ಸಹಕಾರಿ ಸೊಸೈಟಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಕೋಡ್ ಬರೆಯುವವರು ಎಂಟು ಜನ, ಅರ್ಧ ಜನ ಬಿಜೈ ಆಫೀಸಿಗೆ ಬರುತ್ತಾರೆ, ಉಳಿದವರು ಉಡುಪಿ, ಮಣಿಪಾಲದ ಕಡೆ ಮನೆಯಿಂದಲೇ ಕೆಲಸ. ಕೋಡ್ ನಾಲ್ಕು ಕಡೆ ಉಂಟು. ಗಿಟ್‌ಲ್ಯಾಬ್‌ನಲ್ಲಿ (ಕೋಡ್ ಇಡುವ ಸೇವೆ) ಕಂಪನಿಯ ಮುಖ್ಯ ರೆಪೊ (ಇತಿಹಾಸದ ಸಮೇತ ಕೋಡಿನ ಸಂಗ್ರಹ). ಅದರಿಂದ ಒಬ್ಬೊಬ್ಬರು ಮಾಡಿಕೊಂಡ ಫೋರ್ಕ್, ಅಂದರೆ ಅಲ್ಲೇ ಇರುವ ಅವರವರ ಸ್ವಂತ ಪ್ರತಿ. ಮಳೆಗಾಲದಲ್ಲಿ ನೆಟ್ ಹೋದರೆ ಕೆಲಸ ನಿಲ್ಲಬಾರದು ಅಂತ ಆಫೀಸಿನ ಸರ್ವರ್ ರೂಮಿನಲ್ಲಿ ಇಟ್ಟ ಒಂದು ಬೇರ್ ರೆಪೊ (ಕೂತು ಕೆಲಸ ಮಾಡಲು ಅಲ್ಲ, ಇತಿಹಾಸ ಮಾತ್ರ ಇಡುವ ರೆಪೊ). ಮತ್ತೆ ಕ್ಲೈಂಟ್ ಕಡೆಯ ಟೆಸ್ಟ್ ಸರ್ವರಿನಲ್ಲಿ ಇನ್ನೊಂದು ಬೇರ್ ರೆಪೊ, ಅದಕ್ಕೆ ಪುಶ್ ಮಾಡಿದ (ಕೋಡ್ ಕಳಿಸಿದ) ಕೂಡಲೇ ಅಲ್ಲಿನ ಪೋಸ್ಟ್-ರಿಸೀವ್ ಹುಕ್ (ತಾನಾಗಿ ಶುರುವಾಗುವ ಸ್ಕ್ರಿಪ್ಟ್) ಓಡಿ ಸೈಟ್ ತಾನಾಗಿ ಹೊಸ ಕೋಡಿಗೆ ಬದಲಾಗುತ್ತದೆ.

ತೊಂದರೆ ಹೆಸರಿನದ್ದು. ನನ್ನ ಲ್ಯಾಪ್‌ಟಾಪಿನಲ್ಲಿ "ಗಿಟ್ ರಿಮೋಟ್ -ವಿ" ಕೊಟ್ಟರೆ ಬರುವುದು ಇಷ್ಟು (ವಿಳಾಸ ತೆಗೆದು ಯಾವುದು ಅಂತ ಬರೆದಿದ್ದೇನೆ):

ಒರಿಜಿನ್ → ನನ್ನ ಫೋರ್ಕ್
ಅಪ್‌ಸ್ಟ್ರೀಮ್ → ಕಂಪನಿ ರೆಪೊ
ಸರ್ವರ್ → ರೂಮಿನ ಬೇರ್ ರೆಪೊ
ಸರ್ವರ್2 → ಕ್ಲೈಂಟ್ ಟೆಸ್ಟ್

ಪಕ್ಕದ ಟೇಬಲಿನಲ್ಲಿ ಹೊಸದಾಗಿ ಸೇರಿದವಳದ್ದು:

ಒರಿಜಿನ್ → ಕಂಪನಿ ರೆಪೊ
ಮೈ → ಅವಳ ಫೋರ್ಕ್
ಸರ್ವರ್ → ಕ್ಲೈಂಟ್ ಟೆಸ್ಟ್

ಈಗ "ಸರ್ವರಿಗೆ ಒಂದು ಪುಶ್ ಕೊಡಿ" ಅಂತ ಯಾರಾದರೂ ಹೇಳಿದರೆ ನನ್ನಲ್ಲಿ ಬ್ಯಾಕಪ್ ಆಗುತ್ತದೆ, ಅವಳಲ್ಲಿ ಕ್ಲೈಂಟ್ ನೋಡುವ ಸೈಟೇ ಬದಲಾಗುತ್ತದೆ. ಇಬ್ಬರೂ ಹೇಳಿದ್ದನ್ನೇ ಮಾಡಿದ್ದಾರೆ!

ಕಳೆದ ರಿಲೀಸಿನಲ್ಲಿ ಇದು ಬಿಸಿ ಮುಟ್ಟಿಸಿತು. ರಿಲೀಸ್ ಹೇಗೆ ಮಾಡುವುದು ಅಂತ ನಮ್ಮ ವಿಕಿಯಲ್ಲಿ ಒಂದು ಪುಟ ಉಂಟು. ಅದರ ಕೊನೆಯ ಸಾಲು "ಗಿಟ್ ಪುಶ್ ಒರಿಜಿನ್", ಅದರ ಮುಂದೆ ಟ್ಯಾಗಿನ (ರಿಲೀಸ್ ಆಗುವ ಕೋಡಿಗೆ ಅಂಟಿಸುವ ಗುರುತಿನ ಚೀಟಿ) ಹೆಸರು. ಆ ದಿನ ರಿಲೀಸ್ ಮಾಡಿದವರು ಸಾಲನ್ನು ಹಾಗೇ ಕಾಪಿ ಮಾಡಿ ಒತ್ತಿದರು, ಪುಶ್ ಆಯಿತು ಅಂತಲೇ ಬಂತು, ಆದರೆ ಅವರ ಒರಿಜಿನ್ ಅವರದ್ದೇ ಫೋರ್ಕ್. ಟ್ಯಾಗ್ ಅಲ್ಲಿ ಹೋಗಿ ಕೂತಿತು. ಕಂಪನಿ ರೆಪೊದಲ್ಲಿ ಪೈಪ್‌ಲೈನ್ (ಟ್ಯಾಗ್ ಬಂದರೆ ತಾನಾಗಿ ನಡೆಯುವ ರಿಲೀಸಿನ ಕೆಲಸಗಳು) ಶುರುವೇ ಆಗಲಿಲ್ಲ. ಇಬ್ಬರು ಸೇರಿ ಮಧ್ಯಾಹ್ನದ ಊಟ ಬಿಟ್ಟು ಅದನ್ನು ಓಡಿಸುವ ರನ್ನರ್ ಹಾಳಾಗಿದೆಯಾ, ಡಿಸ್ಕ್ ತುಂಬಿದೆಯಾ ಅಂತ ಹುಡುಕಿದ್ದೇ ಹುಡುಕಿದ್ದು.

ಇದರ ಉಲ್ಟಾ ಆದರೆ ಎಂತ ಗತಿ ಅಂತ ನನ್ನ ಹೆದರಿಕೆ. ಫೋರ್ಕ್ ನಮ್ಮದೇ ಆದ್ದರಿಂದ ರಿಬೇಸ್ ಮಾಡಿ (ಕಮಿಟ್‌ಗಳನ್ನು, ಅಂದರೆ ಉಳಿಸಿದ ಬದಲಾವಣೆಗಳನ್ನು, ಮತ್ತೆ ಜೋಡಿಸಿ) ಒರಿಜಿನ್‌ಗೆ ಫೋರ್ಸ್ ಪುಶ್ (ಅಲ್ಲಿ ಇದ್ದದ್ದರ ಮೇಲೆ ಬಲವಂತವಾಗಿ ಬರೆಯುವುದು) ಕೊಡುವುದು ಕೆಲವರಿಗೆ ಕೈಗೆ ಅಭ್ಯಾಸ ಆಗಿಬಿಟ್ಟಿದೆ. ಅದೇ ಕೈ ಇನ್ನೊಬ್ಬರ ಮಷೀನಿನಲ್ಲಿ ಕೂತರೆ? ಮೇನ್ ಬ್ರಾಂಚಿಗೆ (ಕೋಡಿನ ಮುಖ್ಯ ಕವಲಿಗೆ) ರಕ್ಷಣೆ ಹಾಕಿದ್ದೇವೆ, ಇಬ್ಬರು ಮೂವರು ಸೇರಿ ಕೆಲಸ ಮಾಡುವ ಬ್ರಾಂಚುಗಳಿಗೆ ಹಾಕಿಲ್ಲ.

ಕೇಳಬೇಕಾದ್ದು: ಎಲ್ಲರಿಗೂ ಒಂದೇ ಥರ ಹೆಸರು ಬರುವಂತೆ ರೆಪೊದ ಒಳಗಿನಿಂದಲೇ ಸೆಟ್ ಮಾಡಲು ಆಗುತ್ತದಾ? ಹೆಸರು ಎಂತ ಇಡುವುದು? ಈಗಿರುವ ಕ್ಲೋನ್‌ಗಳಲ್ಲಿ (ನಮ್ಮ ನಮ್ಮ ಮಷೀನಿನ ಪ್ರತಿಗಳಲ್ಲಿ) ಹೆಸರು ಬದಲಿಸಿದರೆ ಏನಾದರೂ ಮುರಿಯುತ್ತದಾ?

ಮಣಿಪಾಲ_ಟರ್ಮಿನಲ್

ಮೊದಲನೇದಕ್ಕೆ ಉತ್ತರ: ಆಗುವುದಿಲ್ಲ. ರಿಮೋಟ್ ಹೆಸರು ಇರುವುದು ನಿಮ್ಮ ಕ್ಲೋನಿನ ಡಾಟ್-ಗಿಟ್ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿ. ಅದು ಕಮಿಟ್ ಆಗುವುದಿಲ್ಲ, ಪುಶ್ ಆಗುವುದಿಲ್ಲ, ಇನ್ನೊಬ್ಬರ ಹತ್ತಿರ ಹೋಗುವುದೂ ಇಲ್ಲ. ಆ ಕಡೆಯ ಸರ್ವರಿಗೆ ನೀವು ಅದನ್ನು ಯಾವ ಹೆಸರಿನಿಂದ ಕರೆಯುತ್ತೀರಿ ಅಂತ ಗೊತ್ತೇ ಇಲ್ಲ.

ನಮ್ಮ ಊರಲ್ಲಿ "ಆಚೆಮನೆ" ಅನ್ನುತ್ತೇವಲ್ಲ, ಅದೇ ಕಥೆ. ನನಗೆ ನಿಮ್ಮದು ಆಚೆಮನೆ, ನಿಮಗೆ ನನ್ನದು ಆಚೆಮನೆ. ಅಂಗಳದಲ್ಲಿ ನಿಂತು ಮಾತಾಡುವಾಗ ಯಾರಿಗೂ ತೊಂದರೆ ಇಲ್ಲ. ಅದೇ ಹೆಸರನ್ನು ಕೊರಿಯರ್‌ನವನಿಗೆ ವಿಳಾಸ ಅಂತ ಕೊಟ್ಟರೆ ಅವನು ಎಂತ ಮಾಡಬೇಕು? ನಿಮ್ಮ ವಿಕಿ ಪುಟದಲ್ಲಿ ಆಗಿದ್ದು ಇಷ್ಟೇ. ಒರಿಜಿನ್ ಅಂದರೆ "ನಾನು ಎಲ್ಲಿಂದ ಕ್ಲೋನ್ ಮಾಡಿದೆನೋ ಅದು", ಅದಕ್ಕಿಂತ ಜಾಸ್ತಿ ಅರ್ಥ ಗಿಟ್ ಅದಕ್ಕೆ ಕೊಟ್ಟಿಲ್ಲ.

ಹೆಸರಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಹಳೇ ಕಾಲದ್ದು. ಹೊಸತು ಹುಡುಕಬೇಡಿ. ನನ್ನ ಫೋರ್ಕ್ ಒರಿಜಿನ್, ಮೂಲ ರೆಪೊ ಅಪ್‌ಸ್ಟ್ರೀಮ್, ಇದು ಗಿಟ್‌ಹಬ್‌ನ ಸಹಾಯ ಪುಟಗಳಲ್ಲೇ ಇರುವ ಪದ್ಧತಿ. ಅವರ ಕಮಾಂಡ್ ಲೈನ್ ಟೂಲ್ ಕೂಡ ಕ್ಲೋನಿನ ಒಳಗಿಂದ ಫೋರ್ಕ್ ಮಾಡಿದರೆ ಹಳೇ ಒರಿಜಿನ್ ಅನ್ನು ಅಪ್‌ಸ್ಟ್ರೀಮ್ ಅಂತ ಬದಲಿಸಿ, ಫೋರ್ಕನ್ನು ಒರಿಜಿನ್ ಮಾಡುತ್ತದೆ. ಹೊಸದಾಗಿ ಬಂದವರು ನೆಟ್‌ನಲ್ಲಿ ಯಾವ ಪಾಠ ಓದಿದರೂ ಇದೇ ಸಿಗುತ್ತದೆ. ನಿಮ್ಮ ಹೊಸ ಹುಡುಗಿಯ ಕ್ಲೋನನ್ನು ಈ ಪದ್ಧತಿಗೆ ತಂದುಬಿಡಿ, ಎಂಟು ಜನರಲ್ಲಿ ಎಂಟೂ ಒಂದೇ ಆಗುತ್ತದೆ. ಎರಡು ಸರ್ವರ್‌ಗಳಿಗೆ ಮಾತ್ರ ಸರಿಯಾದ ಹೆಸರು ಕೊಡಿ. ಸರ್ವರ್2 ಅಂತ ಯಾರು ಇಡುತ್ತಾರೆ ಮಾರಾಯ್ರೆ :)

ಕುಂದಾಪ್ರ_ಕಮಿಟ್

ಮೇಲಿನವರ ಮೊದಲರ್ಧ ನೂರಕ್ಕೆ ನೂರು ಸರಿ, ಎರಡನೇ ಅರ್ಧ ನನಗೆ ಒಪ್ಪಿಗೆ ಇಲ್ಲ.

ಆಚೆಮನೆ ಅಂತ ಕರೆಯುವುದೇ ತಪ್ಪು ಅಂದಮೇಲೆ ಒರಿಜಿನ್, ಅಪ್‌ಸ್ಟ್ರೀಮ್ ಎರಡೂ ಅದೇ ಜಾತಿ ಅಲ್ವಾ? ಅಪ್‌ಸ್ಟ್ರೀಮ್‌ಗಂತೂ ಗಿಟ್‌ನಲ್ಲಿ ಆಗಲೇ ಬೇರೆ ಕೆಲಸ ಉಂಟು. ಲೋಕಲ್ ಬ್ರಾಂಚ್ ಯಾವ ರಿಮೋಟ್ ಬ್ರಾಂಚನ್ನು ಹಿಂಬಾಲಿಸುತ್ತದೋ ಅದನ್ನೂ ಅಪ್‌ಸ್ಟ್ರೀಮ್ ಅಂತಲೇ ಕರೆಯುತ್ತಾರೆ. "ಸೆಟ್-ಅಪ್‌ಸ್ಟ್ರೀಮ್" ಅಂತ ಆಪ್ಶನ್ ಕೊಟ್ಟು ಒರಿಜಿನ್‌ಗೆ ಪುಶ್ ಮಾಡಿ ಅಂತ ಹೊಸಬರಿಗೆ ಒಮ್ಮೆ ಹೇಳಿ ನೋಡಿ, ಅವರ ಮುಖದಲ್ಲಿ ಗೊತ್ತಾಗುತ್ತದೆ. ಈ ಸಾಲಿನಲ್ಲಿ ಅಪ್‌ಸ್ಟ್ರೀಮ್ ಅಂದರೆ ಅಪ್‌ಸ್ಟ್ರೀಮ್ ಅಲ್ಲ ಅಂತ ವಿವರಿಸುವಷ್ಟರಲ್ಲಿ ಸಾಕೋ ಸಾಕು.

ನಮ್ಮಲ್ಲಿ ಒಂದೇ ನಿಯಮ. ಅದು ಯಾರದ್ದು, ಯಾಕೆ ಇರುವುದು, ಅದನ್ನೇ ಹೆಸರು ಮಾಡಿ. ಕಂಪನಿಯ ರೆಪೊ "ಟೀಮ್". ನನ್ನದು "ಫೋರ್ಕ್". ಬೇರೆಯವರ ಫೋರ್ಕ್ ನೋಡಬೇಕಾದರೆ ಅವರ ಯೂಸರ್ ಹೆಸರು. ನಿಮ್ಮ ರೂಮಿನದ್ದು "ಮಿರರ್", ಕ್ಲೈಂಟಿನದ್ದು "ಕ್ಲೈಂಟ್-ಟೆಸ್ಟ್". ಪುಶ್ ಮಾಡುವ ಮೊದಲೇ ಕಣ್ಣಿಗೆ ಕಾಣುತ್ತದೆ, ಇದು ಹೊರಗಿನವರ ಸರ್ವರ್ ಅಂತ. ಸ್ವಂತ ಫೋರ್ಕಿಗೆ "ಮೈನ್" ಅಂತ ಮಾತ್ರ ಇಡಬೇಡಿ, ಕಾಲ್‌ನಲ್ಲಿ ಅದೂ ಮೇನ್ ಬ್ರಾಂಚೂ ಒಂದೇ ಥರ ಕೇಳುತ್ತದೆ.

ಯಂತ್ರದ ಹೆಸರು, ಐಪಿ, ಕಂಪನಿ ಹೆಸರು (ಗಿಟ್‌ಲ್ಯಾಬ್, ಗಿಟ್‌ಹಬ್ ಅಂತ) ಇವು ಕೂಡ ಬೇಡ. ನಾಳೆ ರೆಪೊ ಬೇರೆ ಕಡೆ ಹೋದರೆ ವಿಳಾಸ ಬದಲಿಸುತ್ತೀರಿ, ಹೆಸರು ಹಾಗೇ ಉಳಿಯುತ್ತದೆ, ಆಮೇಲೆ ಗಿಟ್‌ಹಬ್ ಅಂತ ಕರೆದದ್ದು ಗಿಟ್‌ಲ್ಯಾಬ್‌ಗೆ ಹೋಗುತ್ತಿರುತ್ತದೆ. "ಹೊಸತು", "ಹೊಸತು2" ಅಂತ ಇಟ್ಟವರನ್ನು ನಾನು ಏನೂ ಅನ್ನುವುದಿಲ್ಲ.

ಇನ್ನೊಂದು, ಇದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ನಿಮ್ಮ ಬ್ರಾಂಚುಗಳ ಹೆಸರಿನ ಮೊದಲ ತುಂಡನ್ನು ರಿಮೋಟಿಗೆ ಇಡಬೇಡಿ. ಉದಾಹರಣೆಗೆ "ರಿಲೀಸ್/4.2" ಅಂತ ಲೋಕಲ್ ಬ್ರಾಂಚ್ ಉಂಟು ಅಂದುಕೊಳ್ಳಿ. ರಿಮೋಟಿಗೂ "ರಿಲೀಸ್" ಅಂತ ಹೆಸರಿಟ್ಟು, ಆ ಕಡೆ "4.2" ಅನ್ನುವ ಬ್ರಾಂಚ್ ಇದ್ದರೆ, ಎರಡೂ ಬರೆಯುವಾಗ ಒಂದೇ ಆಗುತ್ತದೆ. ಗಿಟ್ ಹೆಸರು ಗೊಂದಲ ಉಂಟು ಅಂತ ಒಂದು ಎಚ್ಚರಿಕೆ ಕೊಟ್ಟು ಲೋಕಲ್ ಬ್ರಾಂಚನ್ನೇ ತೆಗೆದುಕೊಳ್ಳುತ್ತದೆ. ಆ ಎಚ್ಚರಿಕೆಯ ಸಾಲು ಓದುವವರು ಯಾರು?

ಗಿಟ್ ಹುಟ್ಟಿದ್ದೇ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ. ಅಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರದ್ದು ಒಂದು ಮರ (ಅಲ್ಲಿ ರೆಪೊಗೆ ಹಾಗೆ ಅನ್ನುತ್ತಾರೆ), ಸ್ಟೇಬಲ್ ಒಂದು, ಲಿನಕ್ಸ್-ನೆಕ್ಸ್ಟ್ ಒಂದು, ಒಂದೊಂದು ಭಾಗ ನೋಡಿಕೊಳ್ಳುವವರದ್ದು ಮತ್ತೊಂದೊಂದು. ಅಷ್ಟು ಮರಗಳ ಮಧ್ಯೆ ಒರಿಜಿನ್ ಅಂತ ಒಂದನ್ನು ಕರೆದು ಯಾರಿಗೆ ಎಂತ ತಿಳಿಯಬೇಕು.

ಬದಲಿಸುವುದು ಸುಲಭ. ನಿಮ್ಮ ಮಷೀನಿನಲ್ಲಿ:

ಗಿಟ್ ರಿಮೋಟ್ ರಿನೇಮ್ ಒರಿಜಿನ್ ಫೋರ್ಕ್
ಗಿಟ್ ರಿಮೋಟ್ ರಿನೇಮ್ ಅಪ್‌ಸ್ಟ್ರೀಮ್ ಟೀಮ್

ಹೊಸಬರಲ್ಲಿ:

ಗಿಟ್ ರಿಮೋಟ್ ರಿನೇಮ್ ಒರಿಜಿನ್ ಟೀಮ್
ಗಿಟ್ ರಿಮೋಟ್ ರಿನೇಮ್ ಮೈ ಫೋರ್ಕ್

ರಿನೇಮ್ ಕೊಟ್ಟರೆ "ಒರಿಜಿನ್/ಮೇನ್" ಥರದ ಟ್ರ್ಯಾಕಿಂಗ್ ಬ್ರಾಂಚುಗಳೂ ಹೊಸ ಹೆಸರಿಗೆ ಬರುತ್ತವೆ, ಯಾವ ಬ್ರಾಂಚ್ ಯಾರನ್ನು ಹಿಂಬಾಲಿಸುತ್ತದೆ ಅನ್ನುವ ಕಾನ್ಫಿಗ್ ಸಾಲುಗಳೂ ಬದಲಾಗುತ್ತವೆ. ಕಮಿಟ್‌ಗಳಿಗೆ ಏನೂ ಆಗುವುದಿಲ್ಲ. ಬದಲಾಗದೆ ಉಳಿಯುವುದು ನೀವು ಬರೆದ ಸ್ಕ್ರಿಪ್ಟ್, ಶೆಲ್ ಅಲಿಯಾಸ್, ಎಡಿಟರ್ ಸೆಟ್ಟಿಂಗ್. ಆ ಮೂರರಲ್ಲಿ ಒರಿಜಿನ್ ಅಂತ ಹುಡುಕಿ ಬದಲಿಸಿ.

ಮಣಿಪಾಲ_ಟರ್ಮಿನಲ್

ಸ್ಟ್ರಿಕ್ಟ್ ಉಂಟು ನೀವು :) ಅಪ್‌ಸ್ಟ್ರೀಮ್ ಎರಡು ಅರ್ಥದ ವಿಷಯ ಒಪ್ಪಿದೆ. ಆದರೆ ಒರಿಜಿನ್ ಇರುತ್ತದೆ ಅಂತ ನಂಬಿ ಬರೆದ ಟೂಲ್‌ಗಳು ಬೇಕಾದಷ್ಟು ಇವೆ, ಅವು ಕೈಕೊಟ್ಟಾಗ ಬೈಯಿಸಿಕೊಳ್ಳುವುದು ಹೆಸರು ಬದಲಿಸಿದವರೇ. ಸಿಐ (ಪೈಪ್‌ಲೈನ್ ನಡೆಸುವ ವ್ಯವಸ್ಥೆ) ರನ್ನರ್ ಕೂಡ ತನ್ನದೇ ಕ್ಲೋನ್ ಮಾಡಿಕೊಂಡು ಅದರಲ್ಲಿ ಒರಿಜಿನ್ ಅಂತಲೇ ಇಟ್ಟುಕೊಳ್ಳುತ್ತದೆ. ಸಿಐ ಸ್ಕ್ರಿಪ್ಟ್‌ಗಳಲ್ಲಿ ಇರುವ ಒರಿಜಿನ್ ಅನ್ನು ಹುಮ್ಮಸ್ಸಿನಲ್ಲಿ ಬದಲಿಸಿಬಿಡಬೇಡಿ, ಅಲ್ಲಿ ಅದು ಸರಿಯಾಗಿಯೇ ಉಂಟು.

ಪಡುಬಿದ್ರಿ_ಪೈಥಾನ್

ನಾನು ಬೇರೆಯೇ ಕೇಳುತ್ತೇನೆ, ಬೇಜಾರು ಮಾಡಬೇಡಿ. ಎಂಟು ಜನರಿಗೆ ಫೋರ್ಕ್ ಯಾಕೆ? ಒಂದೇ ರೆಪೊ, ಎಲ್ಲರೂ ಅದರಲ್ಲೇ ತಮ್ಮ ತಮ್ಮ ಬ್ರಾಂಚ್, ಮೇನ್‌ಗೆ ಮರ್ಜ್ ರಿಕ್ವೆಸ್ಟ್ (ಇದನ್ನು ಸೇರಿಸಿ ಅನ್ನುವ ಕೋರಿಕೆ). ಆಗ ರಿಮೋಟ್ ಒಂದೇ, ಹೆಸರು ಒರಿಜಿನ್, ಕಥೆ ಮುಗಿಯಿತು. ಪರಿಚಯವೇ ಇಲ್ಲದ ಹೊರಗಿನವರು ಪ್ಯಾಚ್ ಕಳಿಸುವ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಫೋರ್ಕ್ ಬೇಕು ಅನ್ನುವುದು ಸರಿ. ಒಂದೇ ರೂಮಿನಲ್ಲಿ ಕೂತು ಒಬ್ಬರ ಡಬ್ಬಿಯ ನೀರುದೋಸೆ ಇನ್ನೊಬ್ಬರು ತಿನ್ನುವವರಿಗೆ ಇಷ್ಟೆಲ್ಲ ಯಾಕೆ?

ಬಿಜೈ_ಬ್ಯಾಕೆಂಡ್

@ಪಡುಬಿದ್ರಿ_ಪೈಥಾನ್ ಸರ್, ಬೇಜಾರು ಎಂತಕ್ಕೆ, ಒಳ್ಳೆ ಪ್ರಶ್ನೆಯೇ. ನಮ್ಮಲ್ಲಿ ಇಂಟರ್ನ್‌ಗಳು ಬಂದು ಹೋಗುತ್ತಾರೆ, ಹೊರಗಿನ ಕಾಂಟ್ರಾಕ್ಟಿನವರು ಇಬ್ಬರು ಇದ್ದಾರೆ. ಸೊಸೈಟಿ ಅಂದರೆ ಜನರ ದುಡ್ಡಿನ ಲೆಕ್ಕ, ಎಲ್ಲರಿಗೂ ಮುಖ್ಯ ರೆಪೊಗೆ ಬರೆಯುವ ಅನುಮತಿ ಕೊಡಲು ಮೇಲಿನವರು ಒಪ್ಪುವುದಿಲ್ಲ. ಖಾಯಂ ಆಗಿರುವ ಐದು ಜನ ಫೋರ್ಕ್ ಬಿಟ್ಟುಬಿಡಬಹುದು ಅಂತ ನನಗೂ ಅನಿಸುತ್ತದೆ, ಆದರೆ ಆಗಲೂ ಮೂವರ ಒರಿಜಿನ್ ಬೇರೆ, ಐವರ ಒರಿಜಿನ್ ಬೇರೆ ಆಗುತ್ತದಲ್ಲ. ಹಾಗಾಗಿ @ಕುಂದಾಪ್ರ_ಕಮಿಟ್ ಹೇಳಿದ ಟೀಮ್, ಫೋರ್ಕ್ ಹೆಸರೇ ನನಗೆ ಹಿಡಿಸಿತು. ಫೋರ್ಕ್ ಇಲ್ಲದವರಲ್ಲಿ ಆ ಹೆಸರು ಇರುವುದಿಲ್ಲ, ಅಷ್ಟೇ. ಇರುವ ಹೆಸರಿಗೆ ಎಲ್ಲರಲ್ಲೂ ಒಂದೇ ಅರ್ಥ.

ಒಂದು ಅನುಮಾನ. ಪುಲ್ ಟೀಮ್‌ನಿಂದ, ಪುಶ್ ಫೋರ್ಕಿಗೆ. ಪ್ರತಿ ಸಲ ಹೆಸರು ಟೈಪ್ ಮಾಡದೆ ಸುಮ್ನೆ ಗಿಟ್ ಪುಲ್, ಗಿಟ್ ಪುಶ್ ಅಂತ ಕೊಟ್ಟರೆ ಸರಿ ಜಾಗಕ್ಕೆ ಹೋಗುವ ಹಾಗೆ ಮಾಡಬಹುದಾ?

ಕುಂದಾಪ್ರ_ಕಮಿಟ್

ಮಾಡಬಹುದು.

ಗಿಟ್ ಕಾನ್ಫಿಗ್ ರಿಮೋಟ್.ಪುಶ್‌ಡಿಫಾಲ್ಟ್ ಫೋರ್ಕ್

ಇದು 2013ರ ಗಿಟ್ 1.8.3ರಿಂದಲೇ ಉಂಟು, ಯಾಕೋ ಬಳಸುವವರು ಕಡಿಮೆ. ಇದನ್ನು ಹಾಕಿ, ಹೊಸ ಬ್ರಾಂಚನ್ನು "ಟೀಮ್/ಮೇನ್" ಹಿಂಬಾಲಿಸುವ ಹಾಗೆ ಮಾಡಿ. ಪುಲ್ ಟೀಮ್‌ನಿಂದ ಬರುತ್ತದೆ, ಪುಶ್ ಅದೇ ಬ್ರಾಂಚ್ ಹೆಸರಲ್ಲಿ ಫೋರ್ಕಿಗೆ ಹೋಗುತ್ತದೆ. ಪುಶ್.ಡಿಫಾಲ್ಟ್ ಅನ್ನುವುದು "ಸಿಂಪಲ್" ಇದ್ದರೂ ಸಾಕು (ಗಿಟ್ 2.0ರಿಂದ ಅದೇ ತಾನಾಗಿ ಇರುವುದು), ಎಳೆಯುವ ಜಾಗ ಬೇರೆ, ತಳ್ಳುವ ಜಾಗ ಬೇರೆ ಆದಾಗ ಅದು ಬ್ರಾಂಚ್ ಹೆಸರು ಒಂದೇ ಇರಲಿ ಅನ್ನುವುದನ್ನು ಮಾತ್ರ ನೋಡುತ್ತದೆ. ಇದರ ಲಾಭ ಎಂತದು ಅಂದರೆ ಗಿಟ್ ಸ್ಟೇಟಸ್ ಕೊಟ್ಟಾಗ ನೀವು ಎಷ್ಟು ಕಮಿಟ್ ಹಿಂದೆ ಇದ್ದೀರಿ ಅಂತ ಟೀಮ್‌ನ ಮೇನ್‌ಗೆ ಹೋಲಿಸಿ ಹೇಳುತ್ತದೆ. ನಿಮಗೆ ಬೇಕಾದ್ದು ಅದೇ ತಾನೇ? ನಿಮ್ಮದೇ ಫೋರ್ಕಿಗೆ ಹೋಲಿಸಿ ಎಲ್ಲ ಸರಿ ಉಂಟು ಅಂತ ಹೇಳಿದರೆ ಪ್ರಯೋಜನ ಇಲ್ಲ.

ಒಂದೇ ಬ್ರಾಂಚಿಗೆ ಮಾತ್ರ ಬೇರೆ ಜಾಗ ಬೇಕಾದರೆ ಬ್ರಾಂಚಿನ ಕೆಳಗೆ ಪುಶ್‌ರಿಮೋಟ್ ಅಂತ ಬರೆಯಬಹುದು. ಮೂವರು ಸೇರಿ ಮಾಡುವ ಬ್ರಾಂಚಿಗೆ ನಾವು ಹಾಗೆ ಮಾಡುತ್ತೇವೆ.

ಪಣಂಬೂರು_ಆಪ್ಸ್

ಎಲ್ಲರೂ ಹೆಸರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಹೆಸರು ಎಷ್ಟೇ ಚೆನ್ನಾಗಿರಲಿ, ರಾತ್ರಿ ಹತ್ತು ಗಂಟೆಗೆ ಕಣ್ಣು ಮುಚ್ಚುತ್ತಿರುವಾಗ ಬಾಣದ ಕೀ ಒತ್ತಿ ಹಿಂದಿನ ಕಮಾಂಡನ್ನು ಮತ್ತೆ ಎಂಟರ್ ಹೊಡೆಯುವವರನ್ನು ಹೆಸರು ತಡೆಯುವುದಿಲ್ಲ.

ನಿಮ್ಮ ಪೋಸ್ಟಿನಲ್ಲಿ ನನಗೆ ಕಂಡ ದೊಡ್ಡ ತೊಂದರೆ ಒರಿಜಿನ್ ಅಲ್ಲ, ಕ್ಲೈಂಟ್ ಟೆಸ್ಟ್ ಸರ್ವರ್ ಎಲ್ಲರ ಲ್ಯಾಪ್‌ಟಾಪಿನಲ್ಲೂ ರಿಮೋಟ್ ಆಗಿ ಇರುವುದು. ಪುಶ್ ಆದ ಕೂಡಲೇ ಸೈಟ್ ಬದಲಾಗುವ ಜಾಗ ಅದು. ಅಲ್ಲಿಗೆ ಪುಶ್ ಮಾಡುವುದನ್ನು ಸಿಐಗೆ ಬಿಡಿ, ಲ್ಯಾಪ್‌ಟಾಪುಗಳಿಂದ ಆ ರಿಮೋಟನ್ನೇ ತೆಗೆದುಹಾಕಿ, ಸರ್ವರಿನಲ್ಲಿ ಅವರ ಕೀಗಳನ್ನೂ ತೆಗೆಯಿರಿ. ಅಲ್ಲಿ ಯಾವ ಕಮಿಟ್ ಓಡುತ್ತಿದೆ ಅಂತ ನೋಡಲು ಬೇಕೇ ಬೇಕು ಅನ್ನುವವರಿಗೆ ಓದುವ ಅನುಮತಿ ಮಾತ್ರ ಕೊಟ್ಟು, ಪುಶ್ ವಿಳಾಸವನ್ನು ಹಾಳು ಮಾಡಿ ಇಡಿ:

ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ --ಪುಶ್ ಕ್ಲೈಂಟ್-ಟೆಸ್ಟ್ ಪುಶ್-ಮಾಡಬೇಡಿ

ಕೊನೆಯದು ವಿಳಾಸವೇ ಅಲ್ಲ, ಬೇಕೆಂದೇ ಹಾಕಿದ ಮಾತು. ಫೆಚ್ (ಆ ಕಡೆಯಿಂದ ತರಿಸಿಕೊಳ್ಳುವುದು) ಮೊದಲಿನ ಹಾಗೇ ನಡೆಯುತ್ತದೆ. ಪುಶ್ ಕೊಟ್ಟರೆ "ಪುಶ್-ಮಾಡಬೇಡಿ" ಅನ್ನುವುದು ಗಿಟ್ ರೆಪೊ ಅಲ್ಲ ಅಂತ ಎರರ್ ಬರುತ್ತದೆ. ಎರರ್ ಓದಿದವರಿಗೆ ವಿಷಯ ಅಲ್ಲೇ ಗೊತ್ತಾಗುತ್ತದೆ.

ರೂಮಿನ ಮಿರರ್ ಬಗ್ಗೆ. ಅದಕ್ಕೆ ಲ್ಯಾಪ್‌ಟಾಪಿನಿಂದ "ಪುಶ್ --ಮಿರರ್" ಯಾರೂ ಕೊಡಬಾರದು. ನಿಮ್ಮಲ್ಲಿ ಇರುವ ಎಲ್ಲ ರೆಫ್‌ಗಳನ್ನೂ (ಬ್ರಾಂಚ್, ಟ್ಯಾಗ್ ಥರದ ಹೆಸರುಗಳು), ಟ್ರ್ಯಾಕಿಂಗ್ ಬ್ರಾಂಚುಗಳ ಸಮೇತ, ಅದು ಅಲ್ಲಿ ತುಂಬುತ್ತದೆ. ಅದಕ್ಕಿಂತ ಕೆಟ್ಟದ್ದು, ನಿಮ್ಮಲ್ಲಿ ಇಲ್ಲದ ಬ್ರಾಂಚುಗಳನ್ನು ಅಲ್ಲಿಂದ ಅಳಿಸುತ್ತದೆ. ಮಿರರ್ ಅಂತ ಹೆಸರು ನೋಡಿ ಆ ಆಪ್ಶನ್ ನೆನಪಾಗುವವರು ಇರುತ್ತಾರೆ, ಅದಕ್ಕೇ ಹೇಳಿದ್ದು. ಮಿರರ್ ತಾನೇ ಟೀಮ್ ರೆಪೊದಿಂದ ಆಗಾಗ ಎಳೆದುಕೊಳ್ಳುವ ಹಾಗೆ ಅದೇ ಮಷೀನಿನಲ್ಲಿ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸ) ಹಾಕಿ. ನೆಟ್ ಇಲ್ಲದ ದಿನ ಪುಶ್ ಮಾಡಲೇಬೇಕಾದರೆ ಅದಕ್ಕೆ ಬೇರೆ ಬೇರ್ ರೆಪೊ ಇಡಿ. ಅದರಲ್ಲೇ ಮಾಡಿದರೆ ನೆಟ್ ಬಂದ ಕೂಡಲೇ ಕ್ರಾನ್ ಓಡಿ ನೀವು ಹಾಕಿದ ಬ್ರಾಂಚ್ ಮಾಯ ಆಗಬಹುದು.

ಸರ್ವರ್ ಕಡೆಯ ಬೀಗ: ಗಿಟ್‌ಲ್ಯಾಬ್‌ನಲ್ಲಿ ಮೇನ್ ಮಾತ್ರ ಅಲ್ಲ, ಹೆಸರಿನ ಮಾದರಿ ಕೊಟ್ಟು ಹಲವು ಬ್ರಾಂಚುಗಳನ್ನು ಒಟ್ಟಿಗೆ ರಕ್ಷಿಸಬಹುದು, ಟ್ಯಾಗ್‌ಗಳನ್ನೂ ರಕ್ಷಿಸಬಹುದು. ನಿಮ್ಮದೇ ಬೇರ್ ರೆಪೊಗಳಲ್ಲಿ ರಿಸೀವ್ ಕೆಳಗಿನ ಡಿನೈ-ನಾನ್-ಫಾಸ್ಟ್-ಫಾರ್ವರ್ಡ್ಸ್ ಆನ್ ಮಾಡಿದರೆ ಫೋರ್ಸ್ ಪುಶ್ ಯಾರದ್ದೂ ನಡೆಯುವುದಿಲ್ಲ. ಇದು ಯಾರ ಲ್ಯಾಪ್‌ಟಾಪಿನಲ್ಲಿ ಯಾವ ಹೆಸರಿದ್ದರೂ ಕೆಲಸ ಮಾಡುತ್ತದೆ.

ಪ್ರೀ-ಪುಶ್ ಹುಕ್ (ಪುಶ್‌ಗೆ ಮೊದಲು ನಿಮ್ಮ ಮಷೀನಿನಲ್ಲೇ ಓಡುವುದು) ಬರೆಯುವ ಯೋಚನೆ ಇದ್ದರೆ, ಅದಕ್ಕೆ ಗಿಟ್ ಆರ್ಗ್ಯುಮೆಂಟ್ ಆಗಿ ಎರಡು ವಿಷಯ ಕೊಡುತ್ತದೆ, ರಿಮೋಟ್ ಹೆಸರು ಮತ್ತು ವಿಳಾಸ. ವಿಳಾಸ ನೋಡಿ ತಡೆಯಿರಿ. ಹೆಸರು ನೋಡಿ ತಡೆಯುವ ಹುಕ್ ಬರೆದರೆ ನೀವು ಶುರು ಮಾಡಿದಲ್ಲಿಗೇ ಬಂದ ಹಾಗೆ.

ಬಿಜೈ_ಬ್ಯಾಕೆಂಡ್

ಕ್ಲೈಂಟ್ ಸರ್ವರಿನ ಮಾತು ಸರಿ ಅಣ್ಣ, ಇವತ್ತೇ ಮ್ಯಾನೇಜರಿಗೆ ಹೇಳುತ್ತೇನೆ. ಹುಕ್ ಕೂಡ ಕಾನ್ಫಿಗ್ ಥರ ಕ್ಲೋನಿನ ಒಳಗೇ ಇರುವುದಲ್ವಾ? ಅದನ್ನು ಎಂಟು ಜನರಿಗೆ ಹಂಚುವುದು ಹೇಗೆ?

ಪಣಂಬೂರು_ಆಪ್ಸ್

ರೆಪೊದಲ್ಲೇ ಒಂದು ಫೋಲ್ಡರ್ ಮಾಡಿ ಹುಕ್ ಅದರಲ್ಲಿ ಕಮಿಟ್ ಮಾಡಿ, ಕೋರ್.ಹುಕ್ಸ್‌ಪಾತ್ ಅನ್ನು ಆ ಫೋಲ್ಡರಿಗೆ ತೋರಿಸಿ. ಗಿಟ್ 2.9ರಿಂದ ಉಂಟು. ಆದರೆ ಆ ಒಂದು ಸಾಲನ್ನು ಪ್ರತಿಯೊಬ್ಬರೂ ತಮ್ಮ ಕ್ಲೋನಿನಲ್ಲಿ ಒಮ್ಮೆ ಕೊಡಲೇಬೇಕು. ಕ್ಲೋನ್ ಮಾಡಿದ ಕೂಡಲೇ ಇನ್ನೊಬ್ಬರ ಹುಕ್ ನಿಮ್ಮ ಮಷೀನಿನಲ್ಲಿ ತಾನಾಗಿ ಓಡಿದರೆ ಅದು ಸೆಕ್ಯೂರಿಟಿಗೆ ಕಷ್ಟ, ಹಾಗಾಗಿ ಗಿಟ್ ಬೇಕೆಂದೇ ಹಾಗೆ ಬಿಟ್ಟಿದೆ.

ಅದಕ್ಕೇ ಒಂದು ಸಣ್ಣ ಸೆಟಪ್ ಸ್ಕ್ರಿಪ್ಟ್ ರೆಪೊದಲ್ಲಿ ಇಡಿ. ಈಗಿರುವ ರಿಮೋಟ್‌ಗಳ ವಿಳಾಸ ನೋಡಬೇಕು, ಕಂಪನಿಯದ್ದಕ್ಕೆ ಟೀಮ್ ಅಂತ, ಸ್ವಂತದ್ದಕ್ಕೆ ಫೋರ್ಕ್ ಅಂತ ಹೆಸರು ಬದಲಿಸಬೇಕು, ಪುಶ್‌ಡಿಫಾಲ್ಟ್, ಹುಕ್ಸ್‌ಪಾತ್ ಹಾಕಬೇಕು. ಇಪ್ಪತ್ತು ಸಾಲಿನೊಳಗೆ ಮುಗಿಯುತ್ತದೆ. ಎರಡನೇ ಸಲ ಓಡಿಸಿದರೂ ಏನೂ ಕೆಡದ ಹಾಗೆ ಬರೆಯಿರಿ, ಯಾಕೆಂದರೆ ಓಡಿಸಿದ್ದೇನೋ ಇಲ್ಲವೋ ಅಂತ ಅನುಮಾನ ಬಂದವರು ಮತ್ತೆ ಓಡಿಸಿಯೇ ಓಡಿಸುತ್ತಾರೆ.

ಹೊಸ ಕ್ಲೋನ್‌ಗಳಿಗೆ ಇನ್ನೂ ಸುಲಭ. ಕ್ಲೋನ್ ಮಾಡುವಾಗಲೇ "-ಒ ಟೀಮ್" ಅಂತ ಕೊಟ್ಟರೆ ಒರಿಜಿನ್ ಬದಲು ಟೀಮ್ ಬರುತ್ತದೆ. ಗಿಟ್ 2.30ರಿಂದ ಕ್ಲೋನ್.ಡಿಫಾಲ್ಟ್‌ರಿಮೋಟ್‌ನೇಮ್ ಅಂತ ಗ್ಲೋಬಲ್ ಸೆಟ್ಟಿಂಗ್ ಕೂಡ ಉಂಟು, ಆದರೆ ಅದು ನೀವು ಮನೆಯಲ್ಲಿ ಮಾಡುವ ಬೇರೆ ಪ್ರಾಜೆಕ್ಟುಗಳಿಗೂ ಅನ್ವಯ ಆಗುತ್ತದೆ, ನನಗಂತೂ ಇಷ್ಟ ಇಲ್ಲ.

ಫೈನಲ್_ಇಯರ್_ಉಡುಪಿ

ನಾನು ಇನ್ನೂ ಕಾಲೇಜು, ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಪ್ರಾಜೆಕ್ಟಿನಲ್ಲಿ ಎರಡು ರಿಮೋಟ್ ಸೇರಿಸಿದ ಮೇಲೆ "ಗಿಟ್ ಚೆಕೌಟ್ ಲಾಗಿನ್-ಪೇಜ್" ಕೆಲಸವೇ ಮಾಡುತ್ತಿಲ್ಲ, ಒಂದಕ್ಕಿಂತ ಜಾಸ್ತಿ ರಿಮೋಟಿನಲ್ಲಿ ಈ ಹೆಸರು ಸಿಕ್ಕಿದೆ ಅಂತ ಬರುತ್ತದೆ. ಮೊದಲು ಸರಿ ಇತ್ತು. ಒಂದು ರಿಮೋಟ್ ತೆಗೆಯಬೇಕಾ?

ಮಣಿಪಾಲ_ಟರ್ಮಿನಲ್

ಕ್ಷಮೆ ಎಂತಕ್ಕೆ ತಮ್ಮ, ಇದು ಇವರ ಎಂಟು ಜನರಿಗೂ ನಾಳೆ ಬರುವ ಪ್ರಶ್ನೆ. ತೆಗೆಯುವುದು ಬೇಡ. ಲೋಕಲ್‌ನಲ್ಲಿ ಆ ಬ್ರಾಂಚ್ ಇಲ್ಲದಾಗ ಗಿಟ್ ರಿಮೋಟ್‌ಗಳಲ್ಲಿ ಹುಡುಕುತ್ತದೆ. ಒಂದೇ ಕಡೆ ಸಿಕ್ಕರೆ ಅದನ್ನು ಹಿಂಬಾಲಿಸುವ ಬ್ರಾಂಚ್ ಮಾಡಿಕೊಡುತ್ತದೆ, ಎರಡು ಕಡೆ ಸಿಕ್ಕರೆ ತಾನಾಗಿ ಆರಿಸುವುದಿಲ್ಲ. ಚೆಕೌಟ್.ಡಿಫಾಲ್ಟ್‌ರಿಮೋಟ್ ಅನ್ನು ನಿಮಗೆ ಬೇಕಾದ ರಿಮೋಟ್ ಹೆಸರಿಗೆ ಸೆಟ್ ಮಾಡಿ. ಗಿಟ್ 2.19ರಿಂದ ಉಂಟು, ಸ್ವಿಚ್ ಕಮಾಂಡಿಗೂ ನಡೆಯುತ್ತದೆ. ಒಂದು ಸಲಕ್ಕೆ ಮಾತ್ರ ಆದರೆ "--ಟ್ರ್ಯಾಕ್" ಕೊಟ್ಟು ರಿಮೋಟ್ ಹೆಸರಿನ ಸಮೇತ ಬ್ರಾಂಚ್ ಬರೆಯಿರಿ.

ಬಿಜೈ ಅವರೇ, ನಿಮ್ಮ ಸೆಟಪ್ ಸ್ಕ್ರಿಪ್ಟಿಗೂ ಈ ಸಾಲು ಸೇರಿಸಿ, ಟೀಮ್ ಅಂತ. (ನೋಡಿ, ನಾನೂ ಟೀಮ್ ಅನ್ನಲು ಶುರು ಮಾಡಿದೆ.)

ಹಳೇ_ಮರ್ಕ್ಯುರಿಯಲ್

ಮರ್ಕ್ಯುರಿಯಲ್‌ನಲ್ಲಿ (ಗಿಟ್ ಥರದ್ದೇ ಇನ್ನೊಂದು ಟೂಲ್) ಕ್ಲೋನ್ ಮಾಡಿದರೆ ಬರುವ ಹೆಸರು ಡಿಫಾಲ್ಟ್, ಪುಶ್ ಬೇರೆ ಕಡೆ ಬೇಕಾದರೆ ಡಿಫಾಲ್ಟ್-ಪುಶ್ ಅಂತ ಇನ್ನೊಂದು ಸಾಲು. ಅದೂ ಆಯಾ ಕ್ಲೋನಿನ ಫೈಲಿನಲ್ಲೇ. ಜಗಳ ಅಲ್ಲೂ ಇದೇ ಇತ್ತು :) ನಾವು ಆಗ ಕಂಡುಕೊಂಡ ದಾರಿ ಒಂದೇ, ನಾಲ್ಕು ಜನ ಓದುವ ಕಾಗದದಲ್ಲಿ ಅಡ್ಡಹೆಸರು ಬರೆಯದೆ ಪೂರ್ತಿ ವಿಳಾಸ ಬರೆಯುವುದು. ಗಿಟ್‌ನಲ್ಲೂ ಕಮಾಂಡಿನಲ್ಲಿ ಪುಶ್ ಅನ್ನುವುದರ ಮುಂದೆ ರಿಮೋಟ್ ಹೆಸರೇ ಇರಬೇಕು ಅಂತ ಇಲ್ಲ, ಆ ಜಾಗದಲ್ಲಿ ವಿಳಾಸವನ್ನೇ ಹಾಕಬಹುದು. ನಿಮ್ಮ ವಿಕಿಯ ಆ ಕೊನೆಯ ಸಾಲನ್ನು ಹಾಗೆ ಬರೆದಿದ್ದರೆ ಯಾರ ಒರಿಜಿನ್ ಎಲ್ಲಿದ್ದರೂ ಟ್ಯಾಗ್ ಕಂಪನಿ ರೆಪೊಗೇ ಹೋಗುತ್ತಿತ್ತು. ಅನುಮತಿ ಇಲ್ಲದವರಿಗೆ ಎರರ್ ಬರುತ್ತಿತ್ತು, ಅದೂ ಒಳ್ಳೆಯದೇ.

ವಿಳಾಸ ಉದ್ದ ಆಯಿತು ಅನಿಸಿದರೆ ಯುಆರ್‌ಎಲ್ ಕೆಳಗೆ ಇನ್‌ಸ್ಟೆಡ್‌ಆಫ್ ಅಂತ ಒಂದು ಸೆಟ್ಟಿಂಗ್ ಉಂಟು, ಉದ್ದ ವಿಳಾಸದ ಮೊದಲ ಭಾಗಕ್ಕೆ ಗಿಡ್ಡ ರೂಪ ಮಾಡಿಕೊಳ್ಳಬಹುದು. ಆದರೆ ಅದೂ ನಿಮ್ಮ ಮಷೀನಿಗೆ ಮಾತ್ರ. ವಿಕಿಯಲ್ಲಿ ಉದ್ದವಾಗಿಯೇ ಇರಲಿ.

ಬಿಜೈ_ಬ್ಯಾಕೆಂಡ್

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕೂತು ಮಾತಾಡಿದೆವು. ಹೆಸರು ಟೀಮ್, ಫೋರ್ಕ್, ಮಿರರ್. ಕ್ಲೈಂಟ್ ಸರ್ವರ್ ಲ್ಯಾಪ್‌ಟಾಪುಗಳಿಂದ ಹೊರಗೆ, ಅದಕ್ಕೆ ಪೈಪ್‌ಲೈನಿನಲ್ಲಿ ಒಂದು ಬಟನ್. ವಿಕಿಯಲ್ಲಿ ಪೂರ್ತಿ ವಿಳಾಸ. ಸೆಟಪ್ ಸ್ಕ್ರಿಪ್ಟ್ ಬರೆಯುವ ಕೆಲಸ ನನ್ನ ತಲೆಗೇ ಬಂತು, ಕೇಳಿದವನಿಗೇ ಕೆಲಸ ಅನ್ನುವುದು ನಮ್ಮ ಆಫೀಸಿನ ಹಳೇ ಪದ್ಧತಿ.

ಒಬ್ಬರು ಮಾತ್ರ ಒರಿಜಿನ್ ಬಿಡುವುದಿಲ್ಲ ಅಂತ ಹಟ ಹಿಡಿದಿದ್ದಾರೆ. ಅವರಲ್ಲಿ ಕಂಪನಿ ರೆಪೊ ಒಂದೇ ರಿಮೋಟ್ ಇರುವುದು, ಹಾಗಾಗಿ ಬಿಟ್ಟೆವು.

ಉಳಿದದ್ದು ಆ ದಿನ ಫೋರ್ಕಿಗೆ ಹೋದ ಟ್ಯಾಗ್. ಅದು ಅಲ್ಲೇ ಇದ್ದರೆ ತೊಂದರೆ ಉಂಟಾ? ಆಮೇಲೆ ಒಂದು ಕಮಿಟ್ ಸೇರಿಸಿ ಅದೇ ಹೆಸರಿನ ಟ್ಯಾಗನ್ನು ಕಂಪನಿ ರೆಪೊಗೆ ಹಾಕಿದ್ದೇವೆ.

ಕುಂದಾಪ್ರ_ಕಮಿಟ್

ಉಂಟು, ತೆಗೆಯಿರಿ. ಬ್ರಾಂಚುಗಳಾದರೆ ಟೀಮ್/ಮೇನ್, ಫೋರ್ಕ್/ಮೇನ್ ಅಂತ ರಿಮೋಟ್ ಹೆಸರಿನ ಕೆಳಗೆ ಬೇರೆ ಬೇರೆ ಕೂರುತ್ತವೆ. ಟ್ಯಾಗ್‌ಗಳಿಗೆ ಆ ವ್ಯವಸ್ಥೆ ಇಲ್ಲ. ಯಾವ ರಿಮೋಟಿನಿಂದ ಬಂದರೂ ಎಲ್ಲ ಒಂದೇ ಗುಂಪಿಗೆ ಬೀಳುತ್ತವೆ. ಯಾರಾದರೂ ಆ ಫೋರ್ಕನ್ನು ಮೊದಲು ಫೆಚ್ ಮಾಡಿದರೆ ಹಳೇ ಟ್ಯಾಗ್ ಅವರಲ್ಲಿ ಬಂದು ಕೂರುತ್ತದೆ, ಆಮೇಲೆ ಟೀಮ್‌ನಿಂದ ಸರಿಯಾದದ್ದು ಬಂದರೂ ಗಿಟ್ ಹಳೇದನ್ನು ತಾನಾಗಿ ಬದಲಿಸುವುದಿಲ್ಲ. ಇಬ್ಬರಲ್ಲಿ ಒಂದೇ ಹೆಸರಿನ ರಿಲೀಸ್, ಒಳಗೆ ಕೋಡ್ ಬೇರೆ.

ಟ್ಯಾಗ್ ಹಾಕಿದವರ ಮಷೀನಿನಲ್ಲಿ "ಗಿಟ್ ಪುಶ್ ಫೋರ್ಕ್ --ಡಿಲೀಟ್", ಮುಂದೆ ಟ್ಯಾಗ್ ಹೆಸರು. ಅವರ ಲೋಕಲ್‌ನಲ್ಲೂ "ಟ್ಯಾಗ್ -ಡಿ" ಕೊಟ್ಟು ತೆಗೆದು, ಟೀಮ್‌ನಿಂದ "--ಟ್ಯಾಗ್ಸ್" ಕೊಟ್ಟು ಫೆಚ್ ಮಾಡಲಿ. ಮತ್ತೆ ನಿಮ್ಮ ಸ್ಕ್ರಿಪ್ಟಿನಲ್ಲಿ ಟೀಮ್ ಬಿಟ್ಟು ಬೇರೆ ಎಲ್ಲ ರಿಮೋಟ್‌ಗಳಿಗೂ ಟ್ಯಾಗ್‌ಆಪ್ಟ್ ಅನ್ನುವುದನ್ನು "--ನೋ-ಟ್ಯಾಗ್ಸ್" ಮಾಡಿಬಿಡಿ, ಫೋರ್ಕುಗಳಿಂದ ಟ್ಯಾಗ್ ಬರುವುದೇ ನಿಲ್ಲುತ್ತದೆ.